ಸಹಾಯಧನ ಯಾರ ಕೈಗೆ ಸೇರುತ್ತದೆ?

ಅರ್ಥಶಾಸ್ತ್ರದಲ್ಲಿ ಓದುವ ‘ಸಹಾಯಧನ’ವನ್ನು ನಮ್ಮ ಗೊರೇಬಾಳದ ಗದ್ದೆಗಳಲ್ಲೇ ನೋಡಬಹುದು. ಅದು ರೈತರಿಗೆ ತಲುಪುವ ಎರಡು ದಾರಿಗಳನ್ನು ಗಮನಿಸೋಣ.

1. ಖಾತೆಗೆ ನಗದು: 2019ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ-ಕಿಸಾನ್ ಯೋಜನೆಯಲ್ಲಿ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂ., ಮೂರು ಕಂತುಗಳಲ್ಲಿ. ಒಂದೆಕರೆ ಇದ್ದರೂ ಹತ್ತೆಕರೆ ಇದ್ದರೂ ಅಷ್ಟೇ. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ. ಜಮೀನು ತಮ್ಮ ಹೆಸರಿನಲ್ಲಿರಬೇಕು.

2. ಬೆಲೆಯಲ್ಲಿ ರಿಯಾಯಿತಿ: 45 ಕೆ.ಜಿ. ಯೂರಿಯಾ ಚೀಲಕ್ಕೆ ರೈತ ಕೊಡುವುದು ಸುಮಾರು 266 ರೂ. ಉಳಿದ ವೆಚ್ಚವನ್ನು ಕೇಂದ್ರ ಸರ್ಕಾರ ಗೊಬ್ಬರ ಕಂಪನಿಗೆ ಕೊಡುತ್ತದೆ. ಹೆಚ್ಚು ಚೀಲ ಕೊಂಡವರಿಗೆ ಹೆಚ್ಚು ಲಾಭ.

ಇನ್ನು ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಲೀಜಿಗೆ ಭತ್ತ ಬೆಳೆಯುವವರು? ಗೊಬ್ಬರದ ರಿಯಾಯಿತಿ ಅವರಿಗೂ ಸಿಗುತ್ತದೆ, 6,000 ರೂ. ಸಿಗುವುದು ಜಮೀನಿನ ಮಾಲೀಕರಿಗೆ. ಬೆಳೆ ಹಾನಿ ಪರಿಹಾರವೂ ಸಾಮಾನ್ಯವಾಗಿ ಪಹಣಿಯ ಹೆಸರನ್ನೇ ಹಿಡಿದು ಹೋಗುತ್ತದೆ. ಉಳುವವನಿಗೇ ಭೂಮಿ ಸಿಗಲೆಂದು 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿತು. ಹಾಗಾಗಿ ಇಂದಿನ ಲೀಜು ಬಾಯಿಮಾತಿನದು, ದಾಖಲೆಯಲ್ಲಿ ಇಲ್ಲ. ನಷ್ಟ ಒಬ್ಬರಿಗೆ, ನೆರವು ಇನ್ನೊಬ್ಬರಿಗೆ.

ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದರೆ ಸ್ವಂತ ಹೊಲದವರಿಗೂ ತೊಂದರೆ. ಮನೆಯ ಪಹಣಿಯನ್ನು ಒಮ್ಮೆ ಓದಿ. ಹೆಸರು ಬದಲಾಗಿಲ್ಲದಿದ್ದರೆ ಪೌತಿ ಖಾತೆಗಾಗಿ ನಾಡಕಚೇರಿಯಲ್ಲಿ ವಿಚಾರಿಸಲು ಹಿರಿಯರಿಗೆ ಹೇಳಿ.

ಚರ್ಚಿಸಿ: ಸಹಾಯಧನ ಸಲ್ಲಬೇಕಾದದ್ದು ಭೂಮಿ ಇರುವವರಿಗೋ, ಬೆಳೆ ಬೆಳೆಯುವವರಿಗೋ? ಲೀಜು ರೈತರನ್ನು ಗುರುತಿಸುವುದು ಹೇಗೆ?