ಹಾಡಿಗೆ ತುಟಿ ಹೊಂದಿಸಿದ ಆಲಿಸ್ ಗೀ

ವಿದ್ಯಾರ್ಥಿಗಳೇ, ಸಿನಿಮಾದಲ್ಲಿ ಹಾಡು ಬರುವಾಗ ನಟಿಯ ತುಟಿಯ ಚಲನೆಯನ್ನು ಗಮನಿಸಿದ್ದೀರಾ? ದನಿ ಸ್ವಲ್ಪ ತಡವಾದರೂ ನಮಗೆ ನಗು ಬರುತ್ತದೆ. ತುಟಿಗೂ ದನಿಗೂ ಹೊಂದಾಣಿಕೆ ತರುವುದು ಒಂದು ಕಾಲದಲ್ಲಿ ಬಹು ಕಷ್ಟದ ಕೆಲಸವಾಗಿತ್ತು. ನೂರು ವರ್ಷಗಳಿಗೂ ಹಿಂದೆ ಈ ಕೆಲಸಕ್ಕೆ ಕೈಹಾಕಿದ ಮಹಿಳೆಯೊಬ್ಬರ ಬಗ್ಗೆ ತಿಳಿಯೋಣ.

ಆಲಿಸ್ ಗೀ 1873ರಲ್ಲಿ ಫ್ರಾನ್ಸ್ ದೇಶದಲ್ಲಿ ಜನಿಸಿದರು. 1894ರಲ್ಲಿ ಪ್ಯಾರಿಸ್ ನಗರದ ಕ್ಯಾಮೆರಾ ಕಂಪನಿಯೊಂದರಲ್ಲಿ ಕಾರ್ಯದರ್ಶಿಯಾಗಿ ಸೇರಿದರು. ಮುಂದೆ ಅದೇ ಗೋಮೋಂ ಕಂಪನಿ ಎಂದು ಹೆಸರಾಯಿತು. 1896ರ ಸುಮಾರಿಗೆ ಆಲಿಸ್ ಅಲ್ಲಿ ಚಿತ್ರಗಳನ್ನು ನಿರ್ದೇಶಿಸತೊಡಗಿದರು. ಜಗತ್ತಿನ ಮೊದಲ ಮಹಿಳಾ ನಿರ್ದೇಶಕಿ ಎಂದು ಅವರನ್ನು ಗುರುತಿಸುತ್ತಾರೆ.

ಸಮಸ್ಯೆ ಏನು?

ಆಗಿನ ಚಿತ್ರಗಳು ಮೂಕಚಿತ್ರಗಳು. ದನಿ ಗ್ರಾಮಫೋನ್ ತಟ್ಟೆಯಲ್ಲಿ, ಚಿತ್ರ ರೀಲಿನಲ್ಲಿ. ಎರಡನ್ನೂ ಒಟ್ಟಿಗೆ ದಾಖಲಿಸುವಂತಿರಲಿಲ್ಲ. ಏಕೆಂದರೆ ದನಿ ಹಿಡಿಯುವ ದೊಡ್ಡ ಕೊಳವೆಯ ಬಾಯಿಗೆ ಹತ್ತಿರ ನಿಂತು ಜೋರಾಗಿ ಹಾಡಬೇಕಿತ್ತು. ಹಾಗೆ ನಿಂತವರು ನಟಿಸುವುದು, ಕುಣಿಯುವುದು ಹೇಗೆ?

ಅದಕ್ಕೊಂದು ಉಪಾಯವಿತ್ತು. ಮೊದಲು ಹಾಡನ್ನು ತಟ್ಟೆಯಲ್ಲಿ ಮುದ್ರಿಸುವುದು. ನಂತರ ಆ ತಟ್ಟೆಯನ್ನು ನುಡಿಸಿ, ಅದಕ್ಕೆ ಸರಿಯಾಗಿ ಕಲಾವಿದರು ತುಟಿ ಆಡಿಸುವಾಗ ಚಿತ್ರ ತೆಗೆಯುವುದು. 1902ರಿಂದ ಕೆಲವೇ ವರ್ಷಗಳಲ್ಲಿ ಆಲಿಸ್ ಇಂತಹ ನೂರಕ್ಕೂ ಹೆಚ್ಚು ಕಿರುಚಿತ್ರಗಳನ್ನು ನಿರ್ದೇಶಿಸಿದರು. ಇವುಗಳ ಹೆಸರು ‘ಫೋನೋಸೀನ್’. ನಮ್ಮ ಕನ್ನಡ ಸಿನಿಮಾದ ಹಾಡುಗಳನ್ನೂ ಸಾಮಾನ್ಯವಾಗಿ ಮೊದಲು ಧ್ವನಿಮುದ್ರಿಸಿ, ಆಮೇಲೆ ಚಿತ್ರೀಕರಿಸುತ್ತಾರೆ!

ಎರಡು ಯಂತ್ರ, ಒಂದೇ ವೇಗ

ಪ್ರದರ್ಶನದಲ್ಲಿ ಮತ್ತೊಂದು ತೊಡಕು. ತಟ್ಟೆ ನಿಮಿಷಕ್ಕೆ 1 ಸೆಕೆಂಡು ಹಿಂದೆ ಬಿದ್ದರೆ, 3 ನಿಮಿಷದ ಹಾಡು ಮುಗಿಯುವಾಗ ದನಿ 3 ಸೆಕೆಂಡು ಹಿಂದಿರುತ್ತದೆ. ಆದ್ದರಿಂದ ಗೋಮೋಂ ಕಂಪನಿಯ ‘ಕ್ರೋನೋಫೋನ್’ ವ್ಯವಸ್ಥೆಯಲ್ಲಿ ಗ್ರಾಮಫೋನನ್ನೂ ಚಿತ್ರ ತೋರಿಸುವ ಯಂತ್ರವನ್ನೂ ವಿದ್ಯುತ್ ತಂತಿಯಿಂದ ಜೋಡಿಸಿದ್ದರು. ವೇಗ ವ್ಯತ್ಯಾಸವಾದರೆ ಸರಿಪಡಿಸಲು ನಿಯಂತ್ರಣ ಪೆಟ್ಟಿಗೆಯೂ ಇತ್ತು. ಮುಂದೆ ದನಿಯನ್ನು ರೀಲಿನ ಅಂಚಿನಲ್ಲೇ ಮುದ್ರಿಸುವ ವಿಧಾನ ಬಂದಿತು. ಆಗ ಎರಡೂ ಒಟ್ಟಿಗೆ ಓಡಿದವು.

ಮಾಡಿ ನೋಡಿ

ಇಬ್ಬರು ಗೆಳೆಯರು ಬೇರೆ ಬೇರೆ ಮೂಲೆಯಲ್ಲಿ ಕಣ್ಣು ಮುಚ್ಚಿ, ಒಟ್ಟಿಗೆ ಆರಂಭಿಸಿ, ಮನಸ್ಸಿನಲ್ಲೇ 50ರವರೆಗೆ ಎಣಿಸಲಿ. ಮುಗಿದಾಗ ಕೈ ಎತ್ತಲಿ. ಇಬ್ಬರ ಕೈಯೂ ಒಟ್ಟಿಗೆ ಮೇಲೆ ಬಂದಿತೇ? ಈಗ ಮೂರನೆಯವರು ಮೇಜು ತಟ್ಟಲಿ, ಪ್ರತಿ ತಟ್ಟಿಗೆ ಒಂದರಂತೆ ಎಣಿಸಲಿ. ಏನು ಬದಲಾಯಿತು?

ಮರೆಯಾದ ಹೆಸರು

ಆಲಿಸ್ 1907ರಲ್ಲಿ ಅಮೆರಿಕಕ್ಕೆ ಹೋದರು. 1910ರಲ್ಲಿ ಅಲ್ಲಿ ‘ಸೋಲಾಕ್ಸ್’ ಎಂಬ ಚಿತ್ರಸಂಸ್ಥೆ ಕಟ್ಟಿದರು. ಆದರೂ ಸಿನಿಮಾ ಚರಿತ್ರೆಯ ಅನೇಕ ಪುಸ್ತಕಗಳು ಅವರನ್ನು ಮರೆತವು. ಅವರ ಚಿತ್ರಗಳನ್ನು ಬೇರೆಯವರ ಹೆಸರಿಗೆ ಬರೆದವು. ಆಲಿಸ್ ಸುಮ್ಮನಿರಲಿಲ್ಲ. ತಮ್ಮ ಚಿತ್ರಗಳನ್ನು ಹುಡುಕಿದರು, ಪಟ್ಟಿ ಮಾಡಿದರು, ನೆನಪುಗಳನ್ನು ಬರೆದಿಟ್ಟರು. 1968ರಲ್ಲಿ ಅವರು ತೀರಿಕೊಂಡರು. ಆ ಪುಸ್ತಕ ಪ್ರಕಟವಾದದ್ದು 1976ರಲ್ಲಿ. ಫೋನೋಸೀನ್ ಚಿತ್ರೀಕರಣ ನಡೆಸುತ್ತಿರುವ ಆಲಿಸ್‌ರನ್ನು ತೋರಿಸುವ 1905ರ ತುಣುಕುಚಿತ್ರವೊಂದು ಉಳಿದಿದೆ. ಮಾಡಿದ ಕೆಲಸಕ್ಕೆ ಅದೇ ಸಾಕ್ಷಿ.

ಯೋಚಿಸಿ: ಸೆಕೆಂಡಿಗೆ 16 ಚಿತ್ರಗಳಂತೆ ಓಡುವ ರೀಲು ಹರಿದು, 32 ಚಿತ್ರಗಳನ್ನು ಕತ್ತರಿಸಿ ಅಂಟಿಸಿದರೆ ತುಟಿಗೂ ಹಾಡಿಗೂ ಎಷ್ಟು ಸೆಕೆಂಡಿನ ಅಂತರ ಬರುತ್ತದೆ? ಯಾವುದು ಮುಂದೆ ಹೋಗುತ್ತದೆ?

(ಉತ್ತರ: 2 ಸೆಕೆಂಡು, ತುಟಿ ಮುಂದೆ, ಹಾಡು ಹಿಂದೆ.)