ಕಡಲ ದಂಡೆಯ ಬಂಗಲೆ, ಹನ್ನೊಂದು ಜನರ ಲೆಕ್ಕ

ನೆದರ್‌ಲೆಂಡ್ಸ್‌ನಲ್ಲಿರುವ ನನ್ನ ಮೈದುನ ಬೇಸಿಗೆ ಬಂತೆಂದರೆ ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ವಾರದ ಮಟ್ಟಿಗೆ ವಿಲ್ಲಾ ಹಿಡಿಯುತ್ತಾನೆ. "ವೈನಿ, ಈ ಸಲ ಎಲ್ಲಾರೂ ಇಲ್ಲಿಗೇ ಬರ್ರಿ, ದೊಡ್ಡ ಮನಿ ನೋಡ್ತೀನಿ" ಎಂದ. ಕರೆದ ಮನಸ್ಸು ದೊಡ್ಡದು. ಆದರೆ ಪುಣೆಯ ಖಡಕಿಯ ನಮ್ಮ ಮನೆ, ಪಿಂಪರಿಯ ಭಾವನವರು, ಧಾರವಾಡದ ನಾದಿನಿಯ ಸಂಸಾರ ಎಲ್ಲ ಸೇರಿದರೆ 8 ದೊಡ್ಡವರು, 3 ಮಕ್ಕಳು. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರು ತುಂಬಿ ಹನ್ನೆರಡರೊಳಗಿನ ಮಕ್ಕಳಿಗೆ 45. ಅಂದರೆ ವಿಮಾನದ ಟಿಕೆಟ್ ಮುಟ್ಟುವ ಮೊದಲೇ 855 ಯೂರೋ. ವೀಸಾ ಸಿಗದಿದ್ದರೆ ಅದು ವಾಪಸ್ ಬರುವುದಿಲ್ಲ. ಗ್ರೀಸ್‌ನಲ್ಲಿ 80 ಚದರ ಮೀಟರ್ ಮೀರಿದ ಬಿಡಿ ಮನೆಗೆ ಬೇಸಿಗೆಯಲ್ಲಿ ರಾತ್ರಿಗೆ 15 ಯೂರೋ ಹವಾಮಾನ ತೆರಿಗೆ ಬೇರೆ. ಎಪ್ಪತ್ತೈದು ದಾಟಿದ ಅತ್ತೆಯವರ ಮೊಣಕಾಲಿನ ಮಾತು ಲೆಕ್ಕಕ್ಕೇ ಬಂದಿಲ್ಲ.

ಹೀಗಾಗಿ ಮೇ ರಜೆಗೆ ಮಹಾರಾಷ್ಟ್ರದ ಕಡಲ ದಂಡೆಯ ದಿವೇಆಗರ ಎಂದು ನಿರ್ಧಾರವಾಯಿತು. ಪುಣೆಯಿಂದ ತಾಮ್ಹಿಣಿ ಘಾಟ್ ಇಳಿದು, ಮಾಣಗಾವ್, ಮ್ಹಸಳಾ ದಾಟಿದರೆ ಸುಮಾರು 160 ಕಿ.ಮೀ. ಕಡಲಿಗೂ ಊರಿಗೂ ನಡುವೆ ಅಡಿಕೆ, ತೆಂಗಿನ ವಾಡಿಗಳು. ಆ ವಾಡಿಗಳೊಳಗೇ ಬಾಡಿಗೆ ಮನೆಗಳು. ರಸ್ತೆಯುದ್ದಕ್ಕೂ ಒಂದೇ ಬಗೆಯ ಫಲಕ: 'ಘರಗುತೀ ರಾಹಣ್ಯಾಚೀ ವ ಜೇವಣಾಚೀ ಸೋಯ'. ಮನೆಯೂಟ, ಮನೆವಾಸ ಎರಡೂ ಉಂಟು ಎಂದರ್ಥ.

ಇಡೀ ಬಂಗಲೆ ಹಿಡಿಯುವುದು ಲಾಭವೋ, ಕೋಣೆ ಹಿಡಿಯುವುದು ಲಾಭವೋ ಎಂದು ಬಹಳ ಜನ ಕೇಳುತ್ತಾರೆ. ನಮಗೆ ಸಿಕ್ಕ ಮೂರು ಕೋಣೆಯ ಬಂಗಲೆಗೆ ರಾತ್ರಿಗೆ 12,000 ರೂ. ಹನ್ನೊಂದು ಜನಕ್ಕೆ ಹಂಚಿದರೆ ತಲೆಗೆ ಸುಮಾರು 1,090. ಅದೇ ಮನೆಯನ್ನು ಗಂಡ, ಹೆಂಡತಿ, ಎರಡು ಮಕ್ಕಳು ಹಿಡಿದರೆ ತಲೆಗೆ 3,000. ಅಂಥವರಿಗೆ 4,000 ರೂಪಾಯಿಯ ಒಂದು ಕೋಣೆಯೇ ಸರಿ. ಬಂಗಲೆಯ ಬಾಡಿಗೆ ಎಷ್ಟು ಜನ ಮಲಗಿದರೂ ಅಷ್ಟೇ, ಹಾಸಿಗೆ ಖಾಲಿ ಉಳಿದಷ್ಟೂ ಕೈಬಿಟ್ಟು ಹೋಗುವ ಹಣ. ಎಂಟು ಜನಕ್ಕಿಂತ ಕಡಿಮೆ ಇದ್ದರೆ ನಾನಂತೂ ಬಂಗಲೆಯ ಗೋಜಿಗೆ ಹೋಗುವುದಿಲ್ಲ.

ಜಿಎಸ್‌ಟಿಯ ಮಾತು ಇಲ್ಲಿ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಶೇ 5, ಅದನ್ನು ಮೀರಿದರೆ ಶೇ 18. ಬಂಗಲೆಯನ್ನು ಒಂದೇ ಘಟಕವೆಂದು 12,000ಕ್ಕೆ ಬಿಲ್ ಮಾಡಿದರೆ ತೆರಿಗೆ 2,160 ರೂ. ತಲಾ 4,000ದ ಮೂರು ಕೋಣೆ ಎಂದು ಬಾಡಿಗೆಗೆ ಕೊಡುವ ಮನೆಯಾದರೆ 600 ರೂ. ಒಂದೇ ರಾತ್ರಿಗೆ 1,560 ರೂಪಾಯಿ ಫರಕು. ಮುಂಗಡ ಕಳಿಸುವ ಮೊದಲೇ ಬಿಲ್ ಹೇಗೆ ಮಾಡುತ್ತೀರಿ ಎಂದು ಕೇಳಿಕೊಳ್ಳಿ. ವರ್ಷದ ವಹಿವಾಟು 20 ಲಕ್ಷದೊಳಗಿರುವ ಮನೆಯವರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ಹಾಗಾಗಿ ನೇರವಾಗಿ ಫೋನ್ ಮಾಡಿ ಹಿಡಿದರೆ ಆ ತೆರಿಗೆಯೇ ಇರುವುದಿಲ್ಲ. ಅದೇ ಮನೆಯನ್ನು ಆ್ಯಪ್ ಮೂಲಕ ಹಿಡಿದರೆ ಆ್ಯಪ್‌ನವರು ತೆರಿಗೆ ಕಟ್ಟಬೇಕು, ಅದು ನಿಮ್ಮ ಬಿಲ್ಲಿಗೇ ಬರುತ್ತದೆ. ನೋಂದಣಿ ಸಂಖ್ಯೆ ಇಲ್ಲದವರು ಚೀಟಿಯಲ್ಲಿ ಜಿಎಸ್‌ಟಿ ಎಂದು ಬರೆದರೆ ಕೊಡಬೇಡಿ.

ಗಾಡಿಯ ಲೆಕ್ಕದಲ್ಲಿ ಜನ ಹೆಚ್ಚು ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಹೊರಊರಿನ ಬಾಡಿಗೆಗೆ ಟೆಂಪೋ ಟ್ರಾವೆಲರ್‌ನವರು ದಿನಕ್ಕೆ ಕನಿಷ್ಠ 300 ಕಿ.ಮೀ. ಎಂದು ಹಿಡಿಯುತ್ತಾರೆ. ಗಾಡಿ ಓಡಲಿ, ಅಡಿಕೆ ಮರದ ಕೆಳಗೆ ನಿಂತಿರಲಿ, ಮೀಟರ್ ಅಷ್ಟೇ. ಮೇಲೆ ಚಾಲಕನ ಭತ್ಯೆ, ಟೋಲ್. ಒಂದೇ ಕಡೆ ಮೂರು ನಾಲ್ಕು ದಿನ ಕೂರುವ ಪ್ರವಾಸಕ್ಕೆ ಇದು ಹೊಂದುವುದೇ ಇಲ್ಲ. ನಾವು ಸ್ವಾರಗೇಟ್‌ನಿಂದ ಶ್ರೀವರ್ಧನದ ಎಸ್‌ಟಿ ಬಸ್ಸು ಹಿಡಿದೆವು. ಮಹಾರಾಷ್ಟ್ರದ ಎಸ್‌ಟಿಯಲ್ಲಿ 2022ರ ಆಗಸ್ಟ್‌ನಿಂದ 75 ತುಂಬಿದವರಿಗೆ ಟಿಕೆಟ್ ಇಲ್ಲ, 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ. ಅತ್ತೆಗೆ ಪುಕ್ಕಟೆ, ನಾವು ನಾಲ್ವರು ಹೆಂಗಸರಿಗೆ ಅರ್ಧ, ಮಕ್ಕಳಿಗೆ ಅರ್ಧ. ಹನ್ನೊಂದು ಜನರಲ್ಲಿ ಪೂರ್ತಿ ಟಿಕೆಟ್ ಮೂವರು ಗಂಡಸರಿಗೆ ಮಾತ್ರ! ಕಂಡಕ್ಟರ್ ಅತ್ತೆಯವರ ಗುರುತಿನ ಚೀಟಿ ನೋಡಿ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟಾಗ ಅವರು ಅದನ್ನು ಎರಡು ಸಲ ಓದಿ ಕುಪ್ಪಸದೊಳಗಿನ ಪರ್ಸಿಗೆ ಸೇರಿಸಿದರು. ಶ್ರೀವರ್ಧನದಲ್ಲಿ ಇಳಿದ ಮೇಲೆ ದಿವೇಆಗರಕ್ಕೆ ಆಟೋ.

ಖಡಕಿಯಲ್ಲಿ ಪ್ರವಾಸ ಎಂದೊಡನೆ ಏಳುವ ಪ್ರಶ್ನೆ ಎಲ್‌ಟಿಸಿಯದು, ಅಂದರೆ ಸರ್ಕಾರಿ ನೌಕರರ ರಜಾ ಪ್ರವಾಸ ಸೌಲಭ್ಯದ್ದು. 2021ರ ಅಕ್ಟೋಬರ್‌ನಲ್ಲಿ ಕೇಂದ್ರದ ಶಸ್ತ್ರಾಸ್ತ್ರ ಕಾರ್ಖಾನೆಗಳು ನಿಗಮಗಳಾಗಿ, ಖಡಕಿಯ ಮದ್ದುಗುಂಡು ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಕೆಳಗೆ ಬಂದ ಮೇಲೂ ಕೇಳುವುದು ನಿಂತಿಲ್ಲ. ಕೇಂದ್ರದ ನಿಯಮದಲ್ಲಿ ಪ್ರಯಾಣದ ಖರ್ಚಷ್ಟೇ ಸಿಗುತ್ತದೆ, ವಾಸದ ಬಾಡಿಗೆ ಸಿಗುವುದಿಲ್ಲ. ಸ್ವಂತ ಕಾರು, ಖಾಸಗಿಯಾಗಿ ಹಿಡಿದ ಟೆಂಪೋ ನಡೆಯುವುದಿಲ್ಲ. ಎಸ್‌ಟಿ ಟಿಕೆಟ್ ನಡೆಯುತ್ತದೆ ನಿಜ, ಆದರೆ ಕೆಲವು ನೂರು ರೂಪಾಯಿಗಾಗಿ ನಾಲ್ಕು ವರ್ಷದ ಬ್ಲಾಕಿನ ಒಂದು ಸರದಿ ಕಳೆಯುವುದು ಬೇಡ. ಅದನ್ನು ದೂರದ ಪ್ರಯಾಣಕ್ಕೆ ಇಟ್ಟುಕೊಳ್ಳಿ.

ಊಟಕ್ಕೆ ಬೆಳಿಗ್ಗೆ ಹತ್ತರೊಳಗೆ ತಾಟಿನ ಲೆಕ್ಕ ಹೇಳಬೇಕು. ಮನೆಯ ಒಡತಿ ಕಾಕೂ ಕೈಯಲ್ಲಿ ಹಳೇ ಡೈರಿ ಹಿಡಿದು ಬಾಗಿಲಿಗೆ ಬರುತ್ತಿದ್ದರು. ದೊಡ್ಡ ತಾಟು ಎಷ್ಟು, ಮಕ್ಕಳದ್ದು ಎಷ್ಟು, ಉಕಡೀಚೇ ಮೋದಕ ಎಷ್ಟು. ಮೋದಕ ತಾಟಿನಲ್ಲಿ ಸೇರಿರುವುದಿಲ್ಲ, ಎಣಿಕೆಯ ಮೇಲೆ ಬೇರೆ ದುಡ್ಡು, ಹಿಂದಿನ ದಿನವೇ ಹೇಳಿರಬೇಕು. ಹೇಳಿದ ತಾಟು ಉಣ್ಣದಿದ್ದರೂ ಹಣ ಕೊಡಬೇಕು. ಅದು ನ್ಯಾಯವೇ, ಕಾಯಿ ತುರಿದು ಒಲೆಗೆ ಇಟ್ಟಾಗಿರುತ್ತದೆ. ಎ.ಸಿ.ಗೆ ಬೇರೆ, ಹೆಚ್ಚುವರಿ ಗಾದಿಗೆ ಬೇರೆ ಎಂಬ ಮನೆಗಳೂ ಉಂಟು, ಮೊದಲೇ ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಫೋಟೋ ಎಷ್ಟೇ ಚೆನ್ನಾಗಿರಲಿ, ಪೂರ್ತಿ ಬಾಡಿಗೆ ಮುಂಗಡವಾಗಿ ಕೇಳುವವರಿಗೆ ನಾನು ಕಳಿಸುವುದಿಲ್ಲ. ವಿಡಿಯೋ ಕರೆಯಲ್ಲಿ ಗೇಟಿನಿಂದ ಬಚ್ಚಲವರೆಗೆ ಮನೆ ತೋರಿಸಲು ಹೇಳುತ್ತೇನೆ. ನಿಜವಾದ ಮನೆಯವರು ಖುಷಿಯಿಂದಲೇ ತೋರಿಸುತ್ತಾರೆ.

ಚೌಕಾಸಿಗೆ ಮಿತಿ ಇರಲಿ ಎಂದು ಒತ್ತಿ ಹೇಳಬೇಕಾಗಿದೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಅಪ್ಪಳಿಸಿದ್ದು ಇದೇ ದಂಡೆಗೆ. ತಲೆಮಾರುಗಳಿಂದ ಬೆಳೆಸಿದ ಅಡಿಕೆ, ತೆಂಗು ಒಂದೇ ದಿನ ನೆಲ ಕಚ್ಚಿದವು. ಹೊಸ ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷವಾದರೂ ಬೇಕೆಂದು ಶಿರಸಿ, ಸಾಗರದವರಿಗೆ ನಾನು ಹೇಳಬೇಕಾಗಿಲ್ಲ. ವಾಡಿ ಕಳೆದುಕೊಂಡ ಮನೆಗಳಿಗೆ ಆ ವರ್ಷಗಳಲ್ಲಿ ಕೋಣೆಯ ಬಾಡಿಗೆಯೇ ಆಧಾರ. ದರ ಇಳಿಸಬೇಕಿದ್ದರೆ ಸೋಮವಾರದಿಂದ ಗುರುವಾರದೊಳಗೆ ಹೋಗಿ. ಶನಿವಾರದ ದರ ಕೇಳಿ ಕಾಕೂ ಜೊತೆ ಜಗಳ ಬೇಡ.

ಇನ್ನು ಹಂಚಿಕೆ. ಅಣ್ಣ ತಮ್ಮಂದಿರು ಮುನಿಸಿಕೊಳ್ಳುವುದು ಇಲ್ಲೇ. ಎಲ್ಲವನ್ನೂ ತಲೆಗೆ ಇಷ್ಟು ಎಂದು ಹಂಚಿದರೆ ಎರಡು ಮಕ್ಕಳಿರುವ ನಾದಿನಿಗೆ ನಾಲ್ಕು ಪಾಲು ಬೀಳುತ್ತಿತ್ತು, ಸಂಪಾದನೆಯಲ್ಲಿ ಅವಳ ಮನೆಯೇ ಸಣ್ಣದು. ಆದ್ದರಿಂದ ಬಾಡಿಗೆಯನ್ನು ಕೋಣೆಗೆ ಒಂದರಂತೆ ಮೂರು ಪಾಲು ಮಾಡಿದೆವು, ಊಟವನ್ನು ತಾಟಿನ ಪ್ರಕಾರ, ಬಸ್ಸು ಅವರವರದು. ಲೆಕ್ಕ ಮೊದಲೇ ಎಲ್ಲರ ಫೋನಿಗೂ ಹೋಗಿತ್ತು, ಹಿಂತಿರುಗುವ ದಿನ ಯಾರೂ ಪರ್ಸ್ ತೆಗೆದು ನಾನು ಕೊಡುತ್ತೇನೆ, ನೀನು ಕೊಡಬೇಡ ಎಂದು ಎಳೆದಾಡಲಿಲ್ಲ. "ಮೋದಕದ ರೊಕ್ಕ ನಂದು, ಪೆನ್ಶನ್ ಯಾತಕ್ಕ ಬರತದ?" ಎಂದರು ಅತ್ತೆ. ಹಿರಿಯರ ಆ ಹಕ್ಕನ್ನು ಕಸಿಯಬಾರದು. ಅವರಿಗೊಂದು ಬಾಬತ್ತು ಬಿಟ್ಟುಕೊಟ್ಟೇ ಬಜೆಟ್ ಬರೆಯಿರಿ.

ಡಿಸೆಂಬರ್ ಕೊನೆಯ ವಾರಕ್ಕೆ ಹೋಗುವ ಮನಸ್ಸಿದ್ದರೆ ಗಣಪತಿ ಹಬ್ಬ ಮುಗಿಯುತ್ತಿದ್ದಂತೆ ಫೋನ್ ಮಾಡಿ. ಮೈದುನ ಆಗ ಊರಿಗೆ ಬರುವವನಿದ್ದಾನೆ, ಅದೇ ಮನೆಗೆ ಒಂದು ಗಾದಿ ಹೆಚ್ಚು ಬೇಕೆಂದು ನಾನಾಗಲೇ ಹೇಳಿಟ್ಟಿದ್ದೇನೆ.