ಗುಡಿಯ ಭವಿಷ್ಯವನ್ನು ನಿರ್ಧರಿಸುವವರು ಯಾರು?



ಧರ್ಮೋಪದೇಶದ ತರಗತಿಯಲ್ಲಿ 'ಧರ್ಮಸಭೆ ಎಂದರೇನು?' ಎಂದು ಕೇಳಿದರೆ ಚಿಕ್ಕ ಮಕ್ಕಳು ಕಿಟಕಿಯಾಚೆ ಕಾಣುವ ಗುಡಿಯತ್ತ ಕೈತೋರಿಸುತ್ತಾರೆ. ನಾವು ನಕ್ಕು ತಿದ್ದುತ್ತೇವೆ. ಧರ್ಮಸಭೆ ಎಂದರೆ ಕಟ್ಟಡವಲ್ಲ, ದೇವಜನರು. ಸಂತ ಪೇತ್ರರು ವಿಶ್ವಾಸಿಗಳನ್ನೇ ಜೀವಂತ ಕಲ್ಲುಗಳೆಂದು ಕರೆದಿದ್ದಾರೆ (1 ಪೇತ್ರ 2:5) ಎನ್ನುತ್ತೇವೆ. ಆದರೆ ಊರಿನ ಹಳೆಯ ಗುಡಿಯನ್ನು ಉಳಿಸಬೇಕೋ ಕೆಡವಬೇಕೋ ಎಂಬ ಮಾತು ಬಂದ ದಿನ, ತಿದ್ದಿದ ನಾವೇ ಮಕ್ಕಳ ಉತ್ತರಕ್ಕೆ ಮರಳುತ್ತೇವೆ. ಜೀವಂತ ಕಲ್ಲುಗಳು ಒಂದರೊಡನೊಂದು ಮಾತು ಬಿಡುತ್ತವೆ.

ಈ ವಿಷಯದಲ್ಲಿ ನಮ್ಮಿಂದ ಬಹು ದೂರದ ಒಂದು ಕ್ರೈಸ್ತ ಸಮುದಾಯದಿಂದ ಕಲಿಯುವುದಿದೆ. ಅವರು ಕ್ವೇಕರರು. 'ಸ್ನೇಹಿತರ ಧಾರ್ಮಿಕ ಸಮಾಜ' ಎಂಬುದು ಅವರ ನಿಜವಾದ ಹೆಸರು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ (1624-1691) ಎಂಬವರ ಬೋಧನೆಯಿಂದ ಹುಟ್ಟಿದ ಪಂಗಡವಿದು. ಅವರ ಮೂಲ ಸಂಪ್ರದಾಯದ ಆರಾಧನೆಯಲ್ಲಿ ಗುರುಗಳಿಲ್ಲ, ಬಲಿಪೀಠವಿಲ್ಲ, ಸಂಸ್ಕಾರಗಳ ಬಾಹ್ಯ ವಿಧಿಗಳಿಲ್ಲ. ಬೆಂಚುಗಳ ಮೇಲೆ ಮೌನವಾಗಿ ಕುಳಿತು ದೇವರಿಗಾಗಿ ಕಾಯುತ್ತಾರೆ; ಪ್ರೇರಣೆಯಾದವರು ಎದ್ದು ಮಾತನಾಡುತ್ತಾರೆ. ಫಾಕ್ಸ್ ಅವರು ದೇವಾಲಯಗಳನ್ನು 'ಗೋಪುರದ ಮನೆಗಳು' ಎಂದು ಕರೆಯುತ್ತಿದ್ದರು. ಆದ್ದರಿಂದ ಕ್ವೇಕರರು ಕಟ್ಟಿಕೊಂಡದ್ದಕ್ಕೆ 'ಕೂಟದ ಮನೆ' ಎಂದಷ್ಟೇ ಹೆಸರು.

ಕಟ್ಟಡ ಪವಿತ್ರವಲ್ಲ ಎನ್ನುವವರಿಗೆ ಕಟ್ಟಡದ ಚಿಂತೆ ಸುಲಭವೆಂದು ನಾವು ಎಣಿಸಬಹುದು. ಹಾಗಿಲ್ಲ. 1670ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ಗ್ರೇಸ್‌ಚರ್ಚ್ ಬೀದಿಯ ಕೂಟದ ಮನೆಗೆ ಸೈನಿಕರು ಬೀಗ ಜಡಿದರು. ವಿಲಿಯಂ ಪೆನ್ ಎಂಬ ತರುಣ ಬೀದಿಯಲ್ಲೇ ನಿಂತು ಬೋಧಿಸಿ ಬಂಧಿತರಾದರು. ಅವರನ್ನು ಅಪರಾಧಿಯೆಂದು ತೀರ್ಪುಕೊಡಲು ಒಪ್ಪದ ಪಂಚರನ್ನು ನ್ಯಾಯಾಧೀಶರು ಕೂಡಿಹಾಕಿ ದಂಡ ವಿಧಿಸಿದರು. ಕೊನೆಗೆ ಮೇಲಿನ ನ್ಯಾಯಾಲಯ ಪಂಚರ ಪರವಾಗಿ ನಿಂತಿತು. ಇನ್ನು 1682ರಲ್ಲಿ ಬ್ರಿಸ್ಟಲ್ ನಗರದಲ್ಲಿ ಹಿರಿಯರೆಲ್ಲ ಸೆರೆಮನೆ ಸೇರಿದಾಗ ಅವರ ಮಕ್ಕಳೇ ಕೂಡಿ ಕುಳಿತು ಆರಾಧನೆಯನ್ನು ಮುಂದುವರಿಸಿದರು. ಮನೆಯಿಲ್ಲದೆಯೂ ಕೂಟ ಉಳಿಯುತ್ತದೆಂದು ಅವರು ಅನುಭವದಿಂದ ಕಲಿತವರು.

ಅದೇ ಪೆನ್ 1682ರಲ್ಲಿ ಅಮೆರಿಕದಲ್ಲಿ ಫಿಲಡೆಲ್ಫಿಯಾ ನಗರವನ್ನು ಸ್ಥಾಪಿಸಿದರು. 1701ರಲ್ಲಿ ಅಲ್ಲಿನ ಕ್ವೇಕರರಿಗೆ ಸ್ಮಶಾನಕ್ಕಾಗಿ ಒಂದಿಷ್ಟು ಜಾಗ ಕೊಟ್ಟರು. 1793ರ ಹಳದಿ ಜ್ವರದಲ್ಲಿ ಮಡಿದವರು ಆ ಮಣ್ಣಿನಲ್ಲಿದ್ದಾರೆ. ಹೆಸರು ಕೆತ್ತಿದ ಕಲ್ಲು ನೆಡುವುದು ಅಂದಿನ ಕ್ವೇಕರರಿಗೆ ಆಡಂಬರವೆನಿಸುತ್ತಿದ್ದುದರಿಂದ ಅಲ್ಲಿನ ಬಹುಪಾಲು ಸಮಾಧಿಗಳಿಗೆ ಗುರುತೇ ಇಲ್ಲ. ಆ ನೆಲದ ಮೇಲೆ 1803ರಿಂದ 1805ರ ನಡುವೆ ಓವೆನ್ ಬಿಡ್ಲ್ ಎಂಬ ಬಡಗಿ ಆರ್ಚ್ ಬೀದಿಯ ಕೂಟದ ಮನೆಯನ್ನು ಕಟ್ಟಿದರು. ಇಟ್ಟಿಗೆ ಗೋಡೆ, ಸಾದಾ ಕಿಟಕಿ, ಮರದ ಬೆಂಚುಗಳು, ಚಿತ್ರವಿಲ್ಲ, ಗಂಟೆಯಿಲ್ಲ.

ಇಡೀ ಪ್ರಾಂತ್ಯದ ಸ್ನೇಹಿತರು ವರ್ಷಕ್ಕೊಮ್ಮೆ ಸೇರಲೆಂದು ಕಟ್ಟಿದ ವಿಶಾಲ ಮನೆಯದು. ಕಾಲ ಬದಲಾಯಿತು. ಅಷ್ಟು ದೊಡ್ಡ ಹಳೆಯ ಕಟ್ಟಡವನ್ನು ಏನು ಮಾಡಬೇಕು? ಮಾಡು, ಕಿಟಕಿ, ಬಿಸಿಗಾಳಿಯ ವ್ಯವಸ್ಥೆ ಎಲ್ಲವೂ ಹಣ ಬೇಡುತ್ತವೆ. ಬಡವರಿಗೆ ಸಲ್ಲಬೇಕಾದ ಹಣವನ್ನು ಇಟ್ಟಿಗೆಗೆ ಸುರಿಯುವುದು ಸರಿಯೇ? ಮಾರುವುದಾದರೆ ಕೆಳಗೆ ಮಲಗಿರುವವರ ಗತಿ? ಸರಳತೆಯನ್ನು ವ್ರತದಂತೆ ಪಾಲಿಸುವವರಿಗೆ ಇವು ಮನಸ್ಸಾಕ್ಷಿಯ ಪ್ರಶ್ನೆಗಳು. 2011ರಲ್ಲಿ ಕಟ್ಟಡದ ಸಂರಕ್ಷಣೆಗೆಂದೇ ಪ್ರತ್ಯೇಕ ಟ್ರಸ್ಟ್ ರಚನೆಯಾಯಿತು. ಅದೇ ವರ್ಷ ಅಮೆರಿಕ ಸರಕಾರ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಿತು. ಇಂದು ಸಂದರ್ಶಕರಿಗೆ ಬಾಗಿಲು ತೆರೆದಿರುತ್ತದೆ, ಮೌನ ಆರಾಧನೆಯೂ ನಡೆಯುತ್ತದೆ.

ನನ್ನ ಮನಸ್ಸನ್ನು ಸೆಳೆದದ್ದು ಅವರು ತೀರ್ಮಾನಿಸುವ ಬಗೆ. ಮಾಡಿನ ರಿಪೇರಿಯ ಸಭೆಯನ್ನೂ ಅವರು ಆರಾಧನೆ ಎಂದೇ ಭಾವಿಸುತ್ತಾರೆ. ಸಭೆ ಮೌನದಿಂದ ಆರಂಭವಾಗುತ್ತದೆ. ಅಲ್ಲಿ ಮತದಾನವಿಲ್ಲ. ಒಬ್ಬರು ಮಾತನಾಡಿ ಕುಳಿತ ಮೇಲೆ ತುಸು ಹೊತ್ತು ಮೌನ, ಆಮೇಲೆ ಇನ್ನೊಬ್ಬರು. ಸಭೆಯನ್ನು ನಡೆಸುವ ಕಾರ್ಯದರ್ಶಿ ಎಲ್ಲರ ಮಾತು ಎತ್ತ ಸಾಗುತ್ತಿದೆಯೆಂದು ಆಲಿಸಿ, ಅಲ್ಲೇ ನಿರ್ಣಯ ಬರೆದು ಓದುತ್ತಾರೆ. 'ಇದು ನಮ್ಮೆಲ್ಲರ ಮನಸ್ಸೇ?' ಎಂದು ಕೇಳುತ್ತಾರೆ. ಹೌದೆಂದರೆ ಅದೇ ತೀರ್ಮಾನ. ಭಿನ್ನಾಭಿಪ್ರಾಯ ಇದ್ದರೂ ಅಡ್ಡಿ ಮಾಡಲಾರೆ ಎನ್ನುವವರು ಬದಿಗೆ ಸರಿದು ನಿಲ್ಲಬಹುದು. ಒಮ್ಮನಸ್ಸು ಬಾರದಿದ್ದರೆ ವಿಷಯ ಮುಂದಕ್ಕೆ ಹೋಗುತ್ತದೆ. ತಿಂಗಳುಗಟ್ಟಲೆ ಕಾಯುವುದೂ ಉಂಟು.

ಈ ಪದ್ಧತಿಯನ್ನು ಹತ್ತಿರದಿಂದ ಅಭ್ಯಸಿಸಿ ಗ್ರಂಥ ಬರೆದವರು ನಮ್ಮವರೇ: ಅಮೆರಿಕದ ಯೇಸುಸಭೆಯ ಗುರು ಮೈಕಲ್ ಶೀರನ್. ಫಿಲಡೆಲ್ಫಿಯಾದ ಕ್ವೇಕರರ ಸಭೆಗಳಲ್ಲಿ ಕುಳಿತು ನೋಡಿ ಅವರು ಬರೆದ 'ಬಿಯಾಂಡ್ ಮೆಜಾರಿಟಿ ರೂಲ್' 1983ರಲ್ಲಿ ಪ್ರಕಟವಾಯಿತು. ಯೇಸುಸಭೆಯವರಿಗೆ ಇದರಲ್ಲಿ ಆಸಕ್ತಿ ಏಕೆ? ಅವರ ಹುಟ್ಟಿನಲ್ಲೇ ಇಂಥದ್ದೊಂದು ವಿವೇಚನೆ ಇತ್ತು. 1539ರಲ್ಲಿ ರೋಮ್ ನಗರದಲ್ಲಿ ಸಂತ ಇಗ್ನೇಷಿಯಸರೂ ಅವರ ಸಂಗಡಿಗರೂ ತಮ್ಮಲ್ಲೊಬ್ಬರಿಗೆ ವಿಧೇಯರಾಗುವ ವ್ರತ ಕೈಗೊಳ್ಳಬೇಕೇ ಎಂದು ವಾರಗಟ್ಟಲೆ ಚಿಂತಿಸಿದರು. ಒಂದು ದಿನ ಪ್ರತಿಯೊಬ್ಬರೂ ಬೇಡವೆನ್ನಲು ಕಾರಣ ಕೊಡಬೇಕು. ಮರುದಿನ ಅದೇ ಪ್ರತಿಯೊಬ್ಬರೂ ಬೇಕೆನ್ನಲು ಕಾರಣ ಕೊಡಬೇಕು. ಸಭೆಗೆ ಮುನ್ನ ಒಬ್ಬರನ್ನೊಬ್ಬರು ಒಲಿಸಿಕೊಳ್ಳುವಂತಿಲ್ಲ. (ನಮ್ಮಲ್ಲಿ ಸಭೆಗೆ ಮುನ್ನವೇ ಎಲ್ಲ ಮುಗಿದಿರುತ್ತದೆ!) 2023 ಮತ್ತು 2024ರಲ್ಲಿ ರೋಮಿನಲ್ಲಿ ನಡೆದ ಸಿನೋದ್ ಅಧಿವೇಶನಗಳಲ್ಲಿ ಧರ್ಮಾಧ್ಯಕ್ಷರೂ ಶ್ರೀಸಾಮಾನ್ಯರೂ ದುಂಡುಮೇಜಿನ ಸುತ್ತ ಕುಳಿತು, ಮಾತಿನ ನಡುವೆ ಮೌನವಿಟ್ಟು ಚರ್ಚಿಸಿದ್ದನ್ನು ನೀವು ಓದಿರಬಹುದು. ಇವೆಲ್ಲದರ ಬೇರು ಜೆರುಸಲೇಮಿನ ಸಭೆಯಲ್ಲಿದೆ: ಪವಿತ್ರಾತ್ಮರಿಗೂ ನಮಗೂ ಸರಿಯೆನಿಸಿತು ಎಂಬ ಧೈರ್ಯದಿಂದ ಪ್ರೇಷಿತರು ಅಲ್ಲಿ ಪತ್ರ ಬರೆದರು (ಪ್ರೇ.ಕಾ. 15:28).

ಆದರೆ ಇದೇನೂ ಮಂತ್ರದಂಡವಲ್ಲ. 1827ರಲ್ಲಿ ಅದೇ ಆರ್ಚ್ ಬೀದಿಯ ಮನೆಯಲ್ಲಿ ವಾರ್ಷಿಕ ಕೂಟ ಎರಡಾಗಿ ಒಡೆಯಿತು. ಮತ್ತೆ ಒಂದಾಗಲು 1955ರವರೆಗೆ ಕಾಯಬೇಕಾಯಿತು. ಇನ್ನೂ ಗಂಭೀರವಾದುದು ಗುಲಾಮಗಿರಿಯ ವಿಷಯ. 1688ರಲ್ಲೇ ಜರ್ಮನ್‌ಟೌನಿನ ನಾಲ್ವರು ಅದು ಪಾಪವೆಂದು ಬರೆದುಕೊಟ್ಟರು. ಗುಲಾಮರನ್ನು ಇಟ್ಟುಕೊಂಡವರಿಗೆ ಸದಸ್ಯತ್ವವಿಲ್ಲವೆಂದು ಫಿಲಡೆಲ್ಫಿಯಾದ ಕೂಟ ತೀರ್ಮಾನಿಸಿದ್ದು 1776ರಲ್ಲಿ. ಆ 88 ವರ್ಷಗಳ ತಾಳ್ಮೆಯ ಬೆಲೆ ತೆತ್ತವರು ಸಭೆಯಲ್ಲಿ ಕುಳಿತವರಲ್ಲ, ಹೊಲದಲ್ಲಿ ದುಡಿಯುತ್ತಿದ್ದವರು. ಕಾಯುವುದರಲ್ಲೂ ಪಾಪವಿರಬಹುದೆಂಬುದನ್ನು ಮರೆಯಬಾರದು.

ನಮ್ಮ ವಿಶ್ವಾಸವೂ ಅವರದಕ್ಕಿಂತ ಬೇರೆ. ಆಕಾಶವೇ ಹಿಡಿಸಲಾರದ ದೇವರನ್ನು ಈ ಮನೆ ಹಿಡಿಸೀತೇ ಎಂದು ಸೊಲೊಮೋನ ಅರಸನೇ ಕೇಳಿದ್ದು ನಿಜ (1 ಅರಸು 8:27). ಆದರೂ ಪವಿತ್ರ ತೈಲದಿಂದ ಅಭ್ಯಂಗಿಸಲ್ಪಟ್ಟ ಬಲಿಪೀಠವೂ ಪರಮ ಪ್ರಸಾದದಲ್ಲಿ ಪ್ರಭುವಿನ ಸಾನ್ನಿಧ್ಯವೂ ಇರುವ ಗುಡಿ ನಮಗೆ ಬರಿಯ ಕೂಟದ ಮನೆಯಲ್ಲ. ಆದ್ದರಿಂದಲೇ ಧರ್ಮಸಭೆಯ ಕಾನೂನು ಈ ತೀರ್ಮಾನವನ್ನು ಕೈಗಳ ಎಣಿಕೆಗೆ ಬಿಟ್ಟಿಲ್ಲ. 1222ನೇ ನಿಯಮದ ಪ್ರಕಾರ ಗುಡಿಯೊಂದನ್ನು ಲೌಕಿಕ ಬಳಕೆಗೆ, ಅದೂ ಹೀನವಲ್ಲದ ಬಳಕೆಗೆ, ಬಿಟ್ಟುಕೊಡುವ ಅಧಿಕಾರ ಧರ್ಮಾಧ್ಯಕ್ಷರದು. ದುರಸ್ತಿಗೆ ನಿಲುಕದಷ್ಟು ಹಾಳಾಗಿಲ್ಲದೆ, ಬೇರೆ ಗಂಭೀರ ಕಾರಣವಿದ್ದರೆ, ಅವರು ಗುರುಗಳ ಮಂಡಳಿಯ ಅಭಿಪ್ರಾಯ ಕೇಳಬೇಕು, ಹಕ್ಕುಳ್ಳವರ ಒಪ್ಪಿಗೆ ಪಡೆಯಬೇಕು, ಆತ್ಮಗಳ ಹಿತಕ್ಕೆ ಧಕ್ಕೆಯಾಗದಂತೆ ನೋಡಬೇಕು. ಧರ್ಮಕೇಂದ್ರದ ಪಾಲನಾ ಪರಿಷತ್ತಿಗೆ ಇರುವುದು ಸಲಹೆಯ ಧ್ವನಿ (536ನೇ ನಿಯಮ). ಕೆಲವರು ಇದನ್ನು 'ಹಾಗಾದರೆ ನಮ್ಮ ಮಾತಿಗೆ ಬೆಲೆಯಿಲ್ಲ' ಎಂದು ಓದುತ್ತಾರೆ. ನಾನು ಹೀಗೆ ಓದುತ್ತೇನೆ: ತೀರ್ಮಾನ ನಮ್ಮದಲ್ಲವಾದ್ದರಿಂದ ನಾವು ಗೆಲ್ಲಬೇಕಾಗಿಲ್ಲ, ಸತ್ಯ ಹೇಳಿದರೆ ಸಾಕು.

ಇದನ್ನು ನಾನು ತಡವಾಗಿ ಕಲಿತೆ. ಹಿಂದೆ ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಹಳೆಯ ಗುಡಿಯನ್ನು ಕೆಡವಿ ಹೊಸದು ಕಟ್ಟುವ ವಿಚಾರ ಬಂದಾಗ ಪರಿಷತ್ತಿನಲ್ಲಿ ಕೈ ಎತ್ತಿಸಿದೆ. ಅರ್ಧ ಗಂಟೆಯಲ್ಲಿ ಮುಗಿಯಿತು; ಧರ್ಮಾಧ್ಯಕ್ಷರಿಗೆ ಬಹುಮತದ ವರದಿ ಕಳುಹಿಸಿದೆ. ಹಿಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಎರಡೂ ಸಲ ಕೈ ಎತ್ತಲಿಲ್ಲ. ನಾನು ಏಕೆಂದು ಕೇಳಲಿಲ್ಲ. ಗುಡಿ ಕೆಡವಿದ ಮೇಲೆ ಅವರು ಪಕ್ಕದ ಊರಿಗೆ ಪೂಜೆಗೆ ಹೋಗತೊಡಗಿದರು. ಮನೆಗೆ ಹೋಗಿ ಮಾತನಾಡಿಸಿದಾಗ, "ಹೊಸ ಗುಡಿ ಬೇಡ ಅಂತ ನಾನು ಹೇಳ್ತಿರಲಿಲ್ಲ ಸ್ವಾಮಿ. ನಮ್ಮವ್ವ ಹೊತ್ತು ತಂದಿದ್ದ ಹೊಸ್ತಿಲ ಕಲ್ಲನ್ನ ಹೊಸದಕ್ಕೂ ಹಾಕಿ ಅಂತ ಕೇಳೋಣ ಅಂತಿದ್ದೆ," ಎಂದರು. ಆ ಹೊತ್ತಿಗೆ ಕಲ್ಲು ಲಾರಿಯಲ್ಲಿ ಹೋಗಿಯಾಗಿತ್ತು.

ಈಗ ನಮ್ಮ ಪರಿಷತ್ತಿನಲ್ಲಿ ದೊಡ್ಡ ವಿಷಯಕ್ಕೆ ಮುನ್ನ ಐದು ನಿಮಿಷ ಮೌನವಿರುತ್ತೇವೆ. ಒಂದು ಸುತ್ತು ಎಲ್ಲರೂ ಮಾತನಾಡುತ್ತಾರೆ, ಸುಮ್ಮನಿರುವವರನ್ನು ಹೆಸರಿಡಿದು ಕೇಳುತ್ತೇವೆ. ನಿರ್ಣಯವನ್ನು ಏಳುವ ಮುನ್ನವೇ ಬರೆದು ಓದುತ್ತೇವೆ. ಒಪ್ಪದವರ ಮಾತೂ ಅದರಲ್ಲಿರುತ್ತದೆ. ಸಭೆ ಉದ್ದವಾಗುತ್ತದೆ, ಗೊಣಗುವವರಿದ್ದಾರೆ.

ಪಿತ್ರಾರ್ಜಿತ ಮನೆಯನ್ನು ಮಾರುವುದೋ ಉಳಿಸಿಕೊಳ್ಳುವುದೋ ಎಂಬ ಚರ್ಚೆ ನಡೆದಿರುವ ಕುಟುಂಬಗಳು ಪ್ರತಿ ಊರಿನಲ್ಲೂ ಇವೆ. ಅಂಥವರು 1539ರ ಕ್ರಮವನ್ನು ಪ್ರಯತ್ನಿಸಬಹುದು. ಒಂದು ಸಂಜೆ ಜಪಸರದ ನಂತರ ಅಣ್ಣ, ತಮ್ಮ, ಅಕ್ಕ, ತಂಗಿ, ಸೊಸೆ ಎಲ್ಲರೂ ಮಾರಬೇಕೆನ್ನಲು ಒಂದೊಂದು ಕಾರಣ ಹೇಳಲಿ. ಮರುದಿನ ಸಂಜೆ ಅವರೇ ಮಾರಬಾರದೆನ್ನಲು ಒಂದೊಂದು ಕಾರಣ ಹೇಳಲಿ. ಮೂರನೆಯ ದಿನ ಅಜ್ಜಿಯನ್ನು ಕೇಳಿ.